ಹೆಸರಿಲ್ಲದ ಪಾದ್ರಿ

ಆಂಗ್ಲ ಕಾದಂಬರಿಕಾರನಾದ ಗ್ರಹಾಂ ಗ್ರೀನನು 1938ರಲ್ಲಿ ಮೆಕ್ಸಿಕೋ ದೇಶವನ್ನು ಸಂಚರಿಸಿ ಬಂದು, 1940ರಲ್ಲಿ ‘ದಿ ಪವರ್ ಅಂಡ್ ದಿ ಗ್ಲೋರಿ’ ಎಂಬ ಕಾದಂಬರಿಯನ್ನು ಪ್ರಕಟಿಸಿದನು. ಆ ದೇಶದ ಅಧ್ಯಕ್ಷನಾಗಿದ್ದ ಕಾಯೆಸನು 1926ರಲ್ಲಿ ಕಥೊಲಿಕ ಸಭೆಯ ಮೇಲೆ ಕಠಿನ ಶಾಸನಗಳನ್ನು ಹೇರಿದ್ದನು. ಟಬಾಸ್ಕೊ ಪ್ರಾಂತದಲ್ಲಂತೂ ಗಾರಿದೊ ಕನಬಾಲನ ಆಳಿಕೆಯಲ್ಲಿ ಇಗರ್ಜಿಗಳು ಮುಚ್ಚಿದುವು. ಪಾದ್ರಿಗಳು ಮದುವೆಯಾಗಬೇಕು, ಇಲ್ಲವೆ ಪ್ರಾಂತವನ್ನು ತೊರೆಯಬೇಕು ಎಂಬ ಸ್ಥಿತಿಯೊದಗಿತು. ಕಾದಂಬರಿಯ ಹಿನ್ನೆಲೆ ಇದು.

ಇಂತಹ ವಸ್ತುವನ್ನು ಕೈಗೊಂಡವನು ಧೀರ ಹುತಾತ್ಮನೊಬ್ಬನ ಚರಿತ್ರೆಯನ್ನು ಬರೆದಾನೆಂದು ವಾಚಕರು ನಿರೀಕ್ಷಿಸುವುದು ಸಹಜ. ಗ್ರೀನನು ಅಂತಹ ಚರಿತ್ರೆಯನ್ನು ತನ್ನ ಕೃತಿಯೊಳಗೇ ಇಟ್ಟಿರುವನು. ತಾಯಿಯೊಬ್ಬಳು ಹುವಾನನೆಂಬ ನಿಷ್ಕಳಂಕ ಹುತಾತ್ಮನ ಕಥೆಯನ್ನು ಮಕ್ಕಳಿಗೆ ಓದಿ ಹೇಳುವಳು; ಮಗನಿಗೆ ಅದು ಬೇಸರ. ಕಥಾನಾಯಕನಾದ ಪಾದ್ರಿಯೋ ಮದ್ಯಪಾನಿ, ಅಂಜುಬುರುಕ, ವ್ರತಭ್ರಷ್ಟನಾಗಿ ಮಗಳೊಬ್ಬಳನ್ನು ಪಡೆದವನು. ಆ ಮಗಳಲ್ಲಿ ಮಮತೆಯಿರುವುದರಿಂದ ತನ್ನ ಪಾಪಕ್ಕೆ ಪಶ್ಚಾತ್ತಾಪಪಡಲೂ ಅವನಿಂದಾಗದು. ಅವನಿಗೆ ಹೆಸರು ಸಹ ಇಲ್ಲ. ಆದರೂ ಪ್ರಾಂತದಲ್ಲಿ ಕರ್ತವ್ಯವನ್ನು ಬಿಡದೆ ಉಳಿದವನು ಅವನೊಬ್ಬನೇ. ಪೂಜೆಯೂ ಪಾಪನಿವೇದನೆಯೂ ಜನಕ್ಕೆ ಆ ಕಲುಷಿತ ಕೈಗಳಿಂದಲೇ ದೊರೆಯಬೇಕು. ಸಂಸ್ಕಾರದ ಫಲವು ಅದನ್ನು ನಡೆಸುವವನ ಶೀಲವನ್ನು ಅವಲಂಬಿಸದೆಂಬುದು ಕಥೊಲಿಕ ಸಿದ್ಧಾಂತ. ಗ್ರೀನನು ಅದನ್ನು ಉಪದೇಶಿಸದೆ, ಅದರ ಭಾರವನ್ನು ದುರ್ಬಲನೊಬ್ಬನ ಹೆಗಲಿಗೇರಿಸಿರುವನು. ಪೂಜೆಗೆಂದು ಗುಟ್ಟಾಗಿ ಕೊಂಡ ದ್ರಾಕ್ಷಾರಸವನ್ನು ಮಾರಿದವರೇ ಎದುರಿಗೆ ಕುಳಿತು ಕುಡಿದು ಬರಿದುಮಾಡುವಾಗ, ಕಾರಣವನ್ನು ಹೇಳಲಾರದೆ ಅವನು ಕಣ್ಣೀರಿಡುವ ಪ್ರಸಂಗವನ್ನು ಓದಿದವರು ಮರೆಯಲಾರರು.

ಇದಕ್ಕಿಂತ ಕಠಿನವಾದ ಪ್ರಶ್ನೆಯೊಂದುಂಟು. ಪಾದ್ರಿಯನ್ನು ಬೆನ್ನಟ್ಟುವ ಪೋಲೀಸು ಅಧಿಕಾರಿಯು ಹಳ್ಳಿಗರನ್ನು ಒತ್ತೆಯಾಳಾಗಿ ಹಿಡಿದು ಕೊಲ್ಲಿಸುವನು. ಪರರ ಪ್ರಾಣಕ್ಕೆ ಎರವಾಗುವ ಧರ್ಮಸೇವೆಯು ಧರ್ಮವೆ? ಪಾದ್ರಿಯು ಇದನ್ನು ತನ್ನನ್ನೇ ಕೇಳಿಕೊಳ್ಳುವನು. ಗ್ರಂಥಕರ್ತನು ಸುಲಭದ ಸಮಾಧಾನವನ್ನು ಕೊಡನು. ಆ ಅಧಿಕಾರಿಯಾದರೂ ದುಷ್ಟನಲ್ಲ. ಲೋಭವಿಲ್ಲದವನು, ಬಡವರ ಹಿತವನ್ನು ಬಯಸುವವನು. ಆದರೆ ಕಡೆಯಲ್ಲಿ ಇವರಿಬ್ಬರ ಸಂಭಾಷಣೆಯು ವಾದಸಭೆಯಂತಾಗಿ, ಪಾದ್ರಿಯ ಮಾತಿಗೆ ದೊರೆತ ತೂಕವು ಅಧಿಕಾರಿಯ ಮಾತಿಗೆ ದೊರೆಯದು. ಕೃತಿಯ ಕುಂದು ಇದು.

1953ರಲ್ಲಿ ರೋಮಿನ ಧರ್ಮಾಧಿಕಾರಿಗಳು ಈ ಗ್ರಂಥವನ್ನು ಆಕ್ಷೇಪಿಸಿದರು. ಪಾದ್ರಿಯ ಹುಳುಕನ್ನು ಮರೆಮಾಡಿದ್ದರೆ ಆಕ್ಷೇಪಣೆ ತಪ್ಪುತ್ತಿತ್ತೇನೊ. ಆದರೆ ಎರಡನೆಯ ಹುವಾನನೊಬ್ಬನು ಹುಟ್ಟುತ್ತಿದ್ದನು, ಅಷ್ಟೆ. ಗಡಿ ದಾಟಿ ಸುರಕ್ಷಿತನಾದವನು, ಸಾಯುತ್ತಿರುವ ಕೊಲೆಗಾರನೊಬ್ಬನ ಕರೆಗೆ, ವಂಚನೆಯೆಂದು ತಿಳಿದೂ ಹಿಂದಿರುಗಿ ಗುಂಡಿಗೆ ಬಲಿಯಾಗುವನು. ಅಂದಿನ ರಾತ್ರಿಯೇ ಮತ್ತೊಬ್ಬ ಪಾದ್ರಿ ಬಂದು ಬಾಗಿಲು ತಟ್ಟುವನು. ಅವನು ಹೆಸರು ಹೇಳುವ ಮೊದಲೇ, ಹುವಾನನ ಕಥೆಗೆ ಬೇಸತ್ತಿದ್ದ ಹುಡುಗನು ಅವನ ಕೈಗೆ ಮುತ್ತಿಡುವನು.