ಸ್ವಭಾವೋಕ್ತಿಯೂ ಒಂದು ಡಚ್ ಚಿತ್ರವೂ

ಸ್ವಭಾವೋಕ್ತಿಯು ಅಲಂಕಾರವೇ ಅಲ್ಲವೇ ಎಂಬ ವಿವಾದವು ನಮ್ಮಲ್ಲಿ ಬಹು ಹಳೆಯದು. ಸೂರ್ಯನು ಅಸ್ತಮಿಸಿದನೆಂಬಂಥ ಬರಿಯ ಹೇಳಿಕೆಯನ್ನು ಭಾಮಹನು ಕಾವ್ಯವಲ್ಲ, ‘ವಾರ್ತೆ’ ಎಂದು ತಳ್ಳಿದನು. ದಂಡಿಯಾದರೋ ಸ್ವಭಾವೋಕ್ತಿಯನ್ನು ಅರ್ಥಾಲಂಕಾರಗಳ ಮೊದಲಲ್ಲಿಯೇ ಇರಿಸಿದನು. ವಸ್ತುವಿನ ಸ್ವಭಾವವು ಕಾವ್ಯದ ಶರೀರ. ಅದನ್ನೇ ಅಲಂಕಾರವೆಂದರೆ ಅಲಂಕೃತವಾಗುವುದು ಯಾವುದು, ಎಂದು ಕುಂತಕನ ಆಕ್ಷೇಪ. ಪಾಠ ಹೇಳುತ್ತಿದ್ದ ಕಾಲದಲ್ಲಿ ನಾನು ಕುಂತಕನ ಪಕ್ಷದವನು. ಸ್ವಭಾವೋಕ್ತಿಯನ್ನು ಎರಡು ಮಾತಿನಲ್ಲಿ ಮುಗಿಸಿ ಶ್ಲೇಷಕ್ಕೆ ಧಾವಿಸುತ್ತಿದ್ದೆನು. ಆ ನಿಶ್ಚಯವನ್ನು ಅಲುಗಿಸಿದುದು ಗ್ರಂಥವಲ್ಲ, ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಯೊಹಾನೆಸ್ ವರ್ಮೀರನ (1632–1675) ಒಂದು ಚಿತ್ರ.

ಆ ದೇಶದ ಚಿತ್ರಕಾರರಿಗೆ ಒದಗಿದ ಸನ್ನಿವೇಶವು ವಿಲಕ್ಷಣವಾದುದು. 1566ರಲ್ಲಿ ಮತಸುಧಾರಣೆಯ ಆವೇಶದ ಗುಂಪುಗಳು ಚರ್ಚುಗಳಲ್ಲಿದ್ದ ವಿಗ್ರಹಗಳನ್ನೂ ಪಟಗಳನ್ನೂ ಧ್ವಂಸಮಾಡಿದುವು. ಕ್ಯಾಲ್ವಿನನ ಮತವು ನೆಲೆಗೊಂಡಮೇಲೆ ದೇವಚಿತ್ರಗಳಿಗೆ ಅಲ್ಲಿ ಎಡೆಯಿಲ್ಲದಾಯಿತು. ಸ್ಪೇನಿನ ದೊರೆತನವನ್ನು ಕಳಚಿ 1648ರಲ್ಲಿ ಸ್ವತಂತ್ರವೆಂದು ಮನ್ನಣೆಗೊಂಡ ಆ ಗಣರಾಜ್ಯದಲ್ಲಿ ಪಟಗಳನ್ನು ಕೊಂಡವರು ಬಹುಮಟ್ಟಿಗೆ ವರ್ತಕರು, ಕುಶಲಕರ್ಮಿಗಳು. ಗೃಹಸ್ಥನು ತನ್ನ ಗೋಡೆಗೆ ಬಯಸಿದುದು ತಾನು ಬಲ್ಲ ಲೋಕವನ್ನು: ಅಂಗಳ, ಹೊಳೆ, ಹಣ್ಣಿನ ತಟ್ಟೆ, ಅಡಿಗೆಮನೆ. ಧೀರೋದಾತ್ತನಿಲ್ಲದೆಯೇ ಒಂದು ಕಲೆ ಬೆಳೆದುದು ಹೀಗೆ.

ಸುಮಾರು 1660ರಲ್ಲಿ ಬರೆದ ಆ ಚಿತ್ರವು ಒಂದು ಮೊಳದಷ್ಟು ಎತ್ತರದ್ದು. 1908ರಿಂದ ಆಮ್‌ಸ್ಟರ್‌ಡಾಮಿನ ರೈಕ್ಸ್‌ಮ್ಯೂಸಿಯಮಿನಲ್ಲಿದೆ. ನಾನು ಕಂಡದ್ದು ಅದರ ಅಚ್ಚಿನ ಪ್ರತಿಯನ್ನಷ್ಟೆ. ಒಬ್ಬ ಹೆಂಗಸು ಹೂಜಿಯಿಂದ ಬಟ್ಟಲಿಗೆ ಹಾಲೆರೆಯುತ್ತಿದ್ದಾಳೆ. (ಲೋಕವು ಇವಳನ್ನು ಹಾಲು ಕರೆಯುವವಳೆಂದು ಕರೆಯುವುದು ಸರಿಯಲ್ಲ, ಇವಳು ಅಡಿಗೆಮನೆಯ ಊಳಿಗದವಳು.) ಮೇಜಿನ ಮೇಲೆ ರೊಟ್ಟಿ, ಎಡಗಡೆ ಕಿಟಕಿ, ಗೋಡೆಯಲ್ಲಿ ಒಂದು ಮೊಳೆ, ಅದರ ನೆರಳು, ಹಿಂದೆ ಮೊಳೆ ಹೊಡೆದು ಕಿತ್ತ ತೂತುಗಳು. ಹಾಲಿನ ಎಳೆ ಸಣ್ಣಗೆ ಇಳಿಯುತ್ತಿದೆ. ಅವಳ ಕಣ್ಣು ಅದನ್ನು ಬಿಟ್ಟು ಕದಲದು. ಕಥೆಯಿಲ್ಲ. ಭಾಮಹನು ‘ವಾರ್ತೆ’ ಎನ್ನದೆ ಬಿಡುತ್ತಿದ್ದನೇ?

ಆದರೆ ಅವಳ ಸೆರಗಂಗಿಯ ನೀಲಿಯನ್ನು ನೋಡಬೇಕು. ಅದು ಆಫ್ಘಾನಿಸ್ತಾನದ ಬಡಖ್ಶಾನದಿಂದ ದೂರದಾರಿ ಸವೆಸಿ ಬರುತ್ತಿದ್ದ ರಾಜಾವರ್ತಶಿಲೆಯನ್ನು ಅರೆದ ಬಣ್ಣ, ಅತ್ಯಂತ ದುಬಾರಿಯಾದುದು. ಹಿಂದಿನ ಚಿತ್ರಕಾರರು ಮೇರಿಮಾತೆಯ ಉಡುಗೆಗೆಂದು ಜೋಪಾನದಿಂದ ಬಳಸುತ್ತಿದ್ದುದನ್ನು ಈತನು ಊಳಿಗದವಳಿಗೆ ಉಡಿಸಿದನು. ಇನ್ನೊಂದು ಸಂಗತಿ 2022ರಲ್ಲಿ ಬಯಲಾಯಿತು. ವರ್ಣದ ಪದರಗಳ ಅಡಿಯನ್ನು ಯಂತ್ರಗಳಿಂದ ಶೋಧಿಸಿದವರಿಗೆ, ಮೊದಲು ಅವಳ ತಲೆಯ ಹಿಂದೆ ಹೂಜಿಗಳನ್ನು ತೂಗುಹಾಕುವ ಹಲಗೆಯೊಂದೂ ಕೆಳಗೆ ಕೆಂಡದ ಕಾವಿನಲ್ಲಿ ಬಟ್ಟೆ ಒಣಗಿಸುವ ಬುಟ್ಟಿಯೊಂದೂ ಇದ್ದುವೆಂದು ತಿಳಿಯಿತು. ಎರಡೂ ಅಡಿಗೆಮನೆಗೆ ಸಹಜವಾದುವೇ; ಎರಡನ್ನೂ ಆತನು ಅಳಿಸಿದನು, ಮೊಳೆಯ ತೂತುಗಳನ್ನು ಮಾತ್ರ ಉಳಿಸಿದನು. ಸ್ವಭಾವವು ಸುಮ್ಮನೆ ಬಿದ್ದಿರುವ ಶರೀರವಲ್ಲ. ಕವಿಯು ಕಂಡು, ಆಯ್ದು, ಬಿಟ್ಟು, ಪಡೆಯಬೇಕಾದುದು. ಇದೂ ನನ್ನ ವಕ್ರತೆಯೇ ಎಂದು ಕುಂತಕನು ವಾದಿಸಬಹುದು, ವಾದಿಸಲಿ. ದಂಡಿಯು ಇದಕ್ಕೆ ಕೊಟ್ಟ ಮೊದಲ ಮಣೆಯನ್ನು ನಾನಿನ್ನು ಪ್ರಶ್ನಿಸಲಾರೆ.

ಅದೇ ಕೈ ರೂಪಕಗಳನ್ನು ಹೇರಿದಾಗ ಏನಾಯಿತೆಂಬುದಕ್ಕೆ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಸಂಗ್ರಹಾಲಯದಲ್ಲಿರುವ, ‘ಶ್ರದ್ಧೆ’ಯನ್ನು ಸ್ತ್ರೀಯಾಗಿ ಕಲ್ಪಿಸಿದ ಪಟವೇ ಸಾಕ್ಷಿ. ಅವಳ ಕಾಲಡಿಯಲ್ಲಿ ಭೂಗೋಳ, ನೆಲದ ಮೇಲೆ ಕಚ್ಚಿದ ಸೇಬು, ಕಲ್ಲಿನಡಿ ಜಜ್ಜಿದ ಸರ್ಪ, ಎದೆಯ ಮೇಲೆ ಕೈ. ಎಲ್ಲಕ್ಕೂ ಅರ್ಥವುಂಟು, ಆ ಹೆಂಗಸಿಗೆ ಮಾತ್ರ ಉಸಿರಿಲ್ಲ. ಅಲ್ಲಿಯೂ ನನ್ನ ಕಣ್ಣು ತಂಗಿದುದು ಮೇಲಿನಿಂದ ತೂಗುವ ಗಾಜಿನ ಗೋಳದ ಮೇಲೆ. ಪಂಡಿತರು ಅದಕ್ಕೂ ಒಂದು ಅರ್ಥ ಹೇಳುತ್ತಾರೆ. ನನಗೆ ಕಂಡುದು ಅದರೊಳಗೆ ಪ್ರತಿಫಲಿಸಿದ ಕೋಣೆಯ ಬೆಳಕು.