ವಿದ್ಯೆ ಮತ್ತು ಕಲಹ: ಭರತ–ಬಾಹುಬಲಿ ಕಥೆಯ ಮರುವಿಮರ್ಶೆ

ವಿದ್ಯೆ ಹರಡಿದಲ್ಲಿ ಕಲಹ ತಾನಾಗಿಯೇ ಅಡಗುತ್ತದೆ ಎಂಬ ನಂಬಿಕೆ ಸಮಾಜದಲ್ಲಿ ಆಳವಾಗಿ ಬೇರೂರಿದೆ. ಶಾಲೆಗಳನ್ನು ತೆರೆಯುವವರೂ ವಿದ್ಯಾರ್ಥಿನಿಲಯಗಳಿಗೆ ದಾನ ನೀಡುವವರೂ ಇದೇ ಭರವಸೆಯಿಂದ ನೀಡುತ್ತಾರೆ. ಆದರೆ ಜೈನ ವಾಙ್ಮಯದ ಅತಿ ಪ್ರಸಿದ್ಧ ಕಲಹಕಥೆಯೇ ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡುತ್ತದೆಂಬುದನ್ನು ಗಮನಿಸಿದವರು ವಿರಳ.

ಅರಸೀಕೆರೆ ತಾಲ್ಲೂಕಿನ ಗಂಡಸಿಯ ಮಕ್ಕಳಿಗೆ ಶ್ರವಣಬೆಳಗೊಳ ದೂರದ ಕ್ಷೇತ್ರವಲ್ಲ. ಅದು ನೆರೆಯ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿದೆ. ಜೈನರಾಗಲಿ, ಇತರರಾಗಲಿ, ಈ ಸೀಮೆಯವರು 58 ಅಡಿಯ ಗೊಮ್ಮಟಮೂರ್ತಿಯ ಮೂಲಕವೇ ಭರತ–ಬಾಹುಬಲಿಯರನ್ನು ಅರಿಯುತ್ತಾರೆ. ಅಣ್ಣನಿಗೆ ರಾಜ್ಯದಾಸೆ, ತಮ್ಮನಿಗೆ ವೈರಾಗ್ಯ: ಪಾಠಶಾಲೆಗಳಲ್ಲಿ ಕಥೆ ಇಷ್ಟಕ್ಕೇ ಮುಗಿಯುತ್ತದೆ. ಈ ಸಂಗ್ರಹದಲ್ಲಿ ಬಿಟ್ಟುಹೋಗುವುದು ಕಥೆಯ ಮೊದಲ ಭಾಗ.

ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರ ಪೂರ್ವಪುರಾಣದಲ್ಲಿ ಆದಿನಾಥನು ಮಕ್ಕಳಿಗೆ ತಾನೇ ಗುರುವಾಗುತ್ತಾನೆ. ಬ್ರಾಹ್ಮಿಗೆ ಅಕ್ಷರ, ಸುಂದರಿಗೆ ಅಂಕ, ಭರತನಿಗೆ ಅರ್ಥಶಾಸ್ತ್ರ ಮತ್ತು ನೃತ್ಯ, ಬಾಹುಬಲಿಗೆ ಆಯುರ್ವೇದ, ಧನುರ್ವೇದ ಮೊದಲಾದವು ಲಭಿಸುತ್ತವೆ. ಪಂಪನು 941ರಲ್ಲಿ ಆದಿಪುರಾಣವನ್ನು ರಚಿಸಿದ್ದು ಈ ಕೃತಿಯನ್ನು ಆಧರಿಸಿಯೇ. ಗುರು ಸ್ವಯಂ ತೀರ್ಥಂಕರ, ಶಿಷ್ಯರು ಒಡಹುಟ್ಟಿದವರು. ಇದಕ್ಕಿಂತ ಶ್ರೇಷ್ಠವಾದ ಶಿಕ್ಷಣವನ್ನು ಊಹಿಸುವುದೂ ಕಷ್ಟ. ಆದರೂ ಎರಡು ಸೇನೆಗಳು ಎದುರುಬದುರಾಗಿ ನಿಂತವು.

ಹಾಗಾದರೆ ರಕ್ತಪಾತವನ್ನು ತಡೆದದ್ದು ಯಾವುದು? ಮೊದಲನೆಯದು ಮಂತ್ರಿಗಳ ವಿವೇಕ. ಸೈನಿಕರನ್ನು ಹೊರಗಿಟ್ಟು, ದೃಷ್ಟಿ, ಜಲ, ಮಲ್ಲಯುದ್ಧಗಳೆಂಬ ನಿಯಮಬದ್ಧ ಸ್ಪರ್ಧೆಗೆ ಅವರು ಅಣ್ಣತಮ್ಮಂದಿರನ್ನು ಒಪ್ಪಿಸಿದರು. ಆದರೆ ನಿಯಮವೂ ಸಾಲಲಿಲ್ಲ. ಮೂರರಲ್ಲೂ ಸೋತ ಭರತನು ಕೋಪದಿಂದ ಚಕ್ರವನ್ನೇ ಪ್ರಯೋಗಿಸಿದನು. ಅರ್ಥಶಾಸ್ತ್ರವನ್ನು ಬಲ್ಲವನು ಸೋಲನ್ನು ಸಹಿಸುವ ವಿದ್ಯೆಯನ್ನು ಕಲಿತಿರಲಿಲ್ಲ. ಎರಡನೆಯದು, ಗೆದ್ದವನ ಕೈ ತಡೆದದ್ದು. ಮೇಲೆತ್ತಿದ ಅಣ್ಣನನ್ನು ನೆಲಕ್ಕೆ ಅಪ್ಪಳಿಸದೆ ಮೆಲ್ಲನೆ ಇಳಿಸಿದ ಕ್ಷಣದಲ್ಲಿಯೇ ಕಾವ್ಯದ ತಿರುವಿದೆ. ವೈರಾಗ್ಯ ಅದರ ಫಲ.

ಈ ವಿವೇಚನೆ ಪುರಾಣಕ್ಕೆ ಮಾತ್ರ ಸಲ್ಲುವುದಲ್ಲ. 1973ರ ನವೆಂಬರಿನಲ್ಲಿ, ದೇವರಾಜ ಅರಸು ಸಂಪುಟದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಭಾಗ ಬೂಸಾ ಎಂಬರ್ಥದ ಮಾತನ್ನಾಡಿದರು. ಅದು ಸಾಹಿತ್ಯವಿಮರ್ಶೆಯ ಒಂದು ಮಾತು. ಒಪ್ಪದವರು ವಿಮರ್ಶೆಯಿಂದಲೇ ಉತ್ತರಿಸಬಹುದಿತ್ತು. ಆದರೆ ಬೀದಿಗಿಳಿದವರಲ್ಲಿ ಕಾಲೇಜು ವಿದ್ಯಾರ್ಥಿಗಳೇ ಮುಂದಿದ್ದರು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳು ನಡೆದವು. ಕುವೆಂಪು ಅವರು ಸಚಿವರ ಮಾತನ್ನು ಸಮರ್ಥಿಸಿದರೂ ಸಚಿವರು ರಾಜೀನಾಮೆ ನೀಡಬೇಕಾಯಿತು. ಆ ನೋವಿನಿಂದ ಮುಂದೆ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. ಸಾಹಿತ್ಯದ ಹೆಸರಿನಲ್ಲಿ ಕಲ್ಲೆತ್ತಿದವರು ನಿರಕ್ಷರಿಗಳಾಗಿರಲಿಲ್ಲ. ಅವರಿಗೆ ಅಕ್ಷರ ದೊರೆತಿತ್ತು. ಎದುರಾಳಿಯ ಮಾತನ್ನು ಕೊನೆಯವರೆಗೆ ಕೇಳುವ ಅಭ್ಯಾಸ ದೊರೆತಿರಲಿಲ್ಲ.

ಸಮುದಾಯಗಳು ನಡೆಸುವ ವಿದ್ಯಾರ್ಥಿನಿಲಯಗಳನ್ನು ಈ ಬೆಳಕಿನಲ್ಲಿ ನೋಡುವುದು ಅವಶ್ಯ. ಹಳ್ಳಿಯ ಬಡ ಹುಡುಗರಿಗೆ ನಗರದ ಕಾಲೇಜಿನ ಬಾಗಿಲನ್ನು ತೆರೆದ ಕೀರ್ತಿ ಅವುಗಳಿಗೆ ಸಲ್ಲುತ್ತದೆ. ಆದರೆ ಸ್ವಜನರೊಡನೆಯೇ ಉಂಡು, ಸ್ವಜನರೊಡನೆಯೇ ಓದಿ ಬೆಳೆದವನಿಗೆ ಪರರ ನೋವು ಸುದ್ದಿಯಾಗಿ ಮಾತ್ರ ತಲುಪುತ್ತದೆ. ಊರಿನ ಶಾಲೆಯಲ್ಲಿ ಎಲ್ಲ ಜಾತಿಯ ಮಕ್ಕಳೊಡನೆ ಒಂದೇ ಸಾಲಿನಲ್ಲಿ ಕುಳಿತ ಗಂಡಸಿಯ ಹುಡುಗನು ನಗರದಲ್ಲಿ ಆ ಸಹವಾಸವನ್ನು ಕಳೆದುಕೊಂಡರೆ, ಅದು ಶಿಕ್ಷಣದ ಮುನ್ನಡೆಯಲ್ಲ.

ಅನೇಕಾಂತವನ್ನು ಪರ್ಯೂಷಣದ ಉಪನ್ಯಾಸಕ್ಕಷ್ಟೇ ಮೀಸಲಿಡುವುದು ಅದಕ್ಕೆ ಮಾಡುವ ಅಪಚಾರ. ಬಸದಿಗಳ ಟ್ರಸ್ಟುಗಳು ತಮ್ಮ ನಿಲಯಗಳಲ್ಲಿ ಅನ್ಯ ಸಮುದಾಯದ ಮಕ್ಕಳಿಗೂ ಕೆಲವು ಸ್ಥಾನಗಳನ್ನು ನೀಡಬಹುದು; ಎದುರು ಪಕ್ಷದ ವಾದವನ್ನು ಅದೇ ಪಕ್ಷದವರು ಒಪ್ಪುವಂತೆ ಹೇಳಿದ ನಂತರವೇ ತನ್ನ ವಾದವನ್ನು ಮಂಡಿಸಬೇಕೆಂಬ ನಿಯಮದ ಚರ್ಚಾಕೂಟಗಳನ್ನು ನಡೆಸಬಹುದು. ಆದಿನಾಥನ ಪಾಠಶಾಲೆಯಲ್ಲಿ ಕಲಿತವರೇ ಯುದ್ಧಕ್ಕೆ ನಿಂತರೆಂಬುದನ್ನು ಪುರಾಣಕರ್ತರು ಮರೆಮಾಚಲಿಲ್ಲ. ಮಕ್ಕಳಿಗೆ ಕಥೆ ಹೇಳುವ ಹಿರಿಯರೂ ಅದನ್ನು ಮರೆಮಾಚಬಾರದು.