ರಿವಾಯತ ಪದಗಳೂ ತರುಣರ ನೀತಿವಿವೇಚನೆಯೂ

ರಾಯಚೂರು ಜಿಲ್ಲೆಯ ಲಿಂಗಸುಗೂರು, ಮಸ್ಕಿ, ಸಿಂಧನೂರು ಸೀಮೆಯಲ್ಲಿ ಮೊಹರಂ ತಿಂಗಳಲ್ಲಿ ಹಾಡಲ್ಪಡುವ ರಿವಾಯತ ಪದಗಳನ್ನು ಕುರಿತು ಬರೆಯುವವರು ಬಹುಮಟ್ಟಿಗೆ ಅವುಗಳಲ್ಲಿ ಹಿಂದೂ ಮುಸಲ್ಮಾನರ ಸಾಮರಸ್ಯವನ್ನು ಕಂಡು ಸಂತೋಷಪಡುವರು. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಉಭಯ ಮತದವರೂ ಅಲಾಯಿ ದೇವರಿಗೆ ನಡೆದುಕೊಳ್ಳುವುದನ್ನು ಬಲ್ಲವರಿಗೆ ಈ ಸಂತೋಷವು ಸಹಜವೇ. ಆದರೆ ಸಾಮರಸ್ಯವು ಹಬ್ಬದ ಗುಣ. ಪದಗಳ ಗುಣವನ್ನು ಬೇರೆಯಾಗಿ ವಿಚಾರಿಸಬೇಕು. ಮನೆಯಲ್ಲಿ ದಖನಿಯನ್ನೂ ಹೊರಗೆ ಕನ್ನಡವನ್ನೂ ಆಡುವ ಮುಸಲ್ಮಾನ ತರುಣನಿಗೆ ಇವುಗಳಿಂದ ಸರಿತಪ್ಪುಗಳ ಯಾವ ಅಳತೆಯು ದೊರೆಯುತ್ತದೆಂಬುದೇ ಇಲ್ಲಿಯ ಪ್ರಶ್ನೆ.

ಪದಗಳ ವಸ್ತುವು ಕ್ರಿ.ಶ. 680ರಲ್ಲಿ ನಡೆದ ಕರ್ಬಲಾ ಕದನ. ಅಧರ್ಮಿಯಾದ ಅರಸನಿಗೆ ನಿಷ್ಠೆಯನ್ನು ನುಡಿಯಲೊಲ್ಲದೆ ಹುಸೇನನು ಮಡಿದನು. ಅವನ ದಾರಿಯನ್ನು ಅಡ್ಡಗಟ್ಟಲು ಬಂದ ಯಜೀದನ ಸೇನಾನಿ ಹುರ್ ಎಂಬವನು ಕದನದ ಮುಂಜಾನೆ ಪಕ್ಷವನ್ನು ಬದಲಿಸಿ ಸತ್ತನು. ಇಲ್ಲಿ ತೀರ್ಪು ಮತಧರ್ಮದ್ದು: ಅನ್ಯಾಯಕ್ಕೆ ತಲೆಬಾಗಬಾರದು, ತಪ್ಪು ತಿಳಿದ ಗಳಿಗೆಯಲ್ಲಿ ಹಿಂದಿರುಗಬೇಕು. ಎಳೆಯನಾದ ಕಾಸೀಮನ ಮದುವೆಯ ಪ್ರಸಂಗವಾದರೋ ಮೊದಲ ಚರಿತ್ರೆಗಳಲ್ಲಿ ಇಲ್ಲದುದು, ಕಾಲಾಂತರದಲ್ಲಿ ಸೇರಿತು. ಮದುಮಗನಾಗಿಯೇ ರಣಕ್ಕೆ ಹೋದವನಿಗಾಗಿ ಅಳುವುದನ್ನು ಕಲಿಸಿದುದು ಜನಜೀವನ. ಹುಸೇನನನ್ನು ‘ಶರಣ’ನೆಂದು ಕರೆಯುವ ವಾಡಿಕೆಯೂ ಹಾಗೆಯೇ; ನುಡಿದಂತೆ ನಡೆದವನೆಂಬ ಕನ್ನಡದ ಅರ್ಥವೆಲ್ಲವೂ ಆ ಒಂದು ಮಾತಿನಿಂದ ಅರಬ್ಬೀ ವೀರನಿಗೆ ಸಲ್ಲುತ್ತದೆ. ಹೀಗೆ ತೀರ್ಪನ್ನು ಮತವೂ ಮರುಕವನ್ನು ಸಂಸ್ಕೃತಿಯೂ ಕೊಡುತ್ತಿರಲು, ಎರಡೂ ಒಂದೇ ಕಡೆಗೆ ಸಾಗುತ್ತವೆ.

ಎಲ್ಲ ಕಡೆಯೂ ಹೀಗಿರದು. ಇದಕ್ಕೆ ನಾಡಿನ ಇನ್ನೊಂದು ಅಂಚಾದ ಕಾಸರಗೋಡಿನಿಂದ ಬಂದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯೇ ನಿದರ್ಶನ. ತಂದೆಯ ಹಟದಿಂದ ಗಂಡನನ್ನಗಲಿದ ನಾದಿರಾ ಅವನನ್ನು ಮತ್ತೆ ಸೇರಬೇಕಾದರೆ ಪರಪುರುಷನನ್ನು ಒಂದಿರುಳು ವರಿಸಬೇಕು. ಅದನ್ನು ತಾಳಲಾರದೆ ಅವಳು ಮಸೀದಿಯ ಕೊಳದಲ್ಲಿ ಪ್ರಾಣಬಿಡುತ್ತಾಳೆ. ಪೂರ್ವಸಂಕೇತದಿಂದ ನಡೆಯುವ ಇಂತಹ ಮದುವೆಯನ್ನು ಹದೀಸು ಶಪಿಸಿದೆಯೆಂಬುದು ಗಮನಾರ್ಹ. ಮತದ ಹೆಸರಿನಿಂದ ಹಿರಿಯರು ಹೇರಿದುದು ರೂಢಿಯನ್ನು; ಅದರಲ್ಲಿ ಮರುಕವೂ ಇಲ್ಲ, ಮತದ ತೀರ್ಪೂ ಇಲ್ಲ. ರೂಢಿ ಯಾವುದು, ಮತ ಯಾವುದು ಎಂದು ಬೇರ್ಪಡಿಸುವಷ್ಟು ಅವಕಾಶವು ನಾದಿರಾಳಿಗೆ ದೊರೆಯಲಿಲ್ಲ. ಕೃತಿಯ ದುರಂತದ ಮೂಲವು ಇದೇ ಎಂದು ನಮ್ಮ ಅಭಿಪ್ರಾಯ.

ಈ ಬೆಳಕಿನಲ್ಲಿ ನೋಡಿದರೆ, ಅಲಾಯಿ ಕುಣಿತವು ರೂಢಿಯೇ ಹೊರತು ಮತವಲ್ಲವೆಂದು ದೂರ ನಿಲ್ಲುವ ಶಾಸ್ತ್ರನಿಷ್ಠ ತರುಣನನ್ನು ಸಾಮರಸ್ಯದ ವೈರಿಯೆಂದು ಜರೆಯುವುದು ಉಚಿತವಲ್ಲ. ನಾದಿರಾಳಿಗೆ ನಿರಾಕರಿಸಲ್ಪಟ್ಟ ವಿವೇಚನೆಯನ್ನೇ ಅವನು ನಡೆಸುತ್ತಿರುವನು. ಆದರೆ ರೂಢಿಯೆಂಬ ಮಾತ್ರಕ್ಕೆ ಎಲ್ಲವೂ ತ್ಯಾಜ್ಯವಾಗದು. ಒಂದಿರುಳಿನ ಮದುವೆಯೂ ರೂಢಿ, ಕಾಸೀಮನಿಗಾಗಿ ಸುರಿಸುವ ಕಣ್ಣೀರೂ ರೂಢಿ. ಮೊದಲನೆಯದು ಅಬಲೆಯನ್ನು ತುಳಿಯುವುದು, ಎರಡನೆಯದು ಅಬಲರ ಪಕ್ಷಕ್ಕೆ ಮನಸ್ಸನ್ನು ಒಲಿಸುವುದು. ಈ ಭೇದವನ್ನು ಕಾಣಿಸುವುದು ವಿಮರ್ಶೆಯ ಕೆಲಸ. ಪದಗಳನ್ನು ಸಂಗ್ರಹಿಸುವವರು ಹಾಡುವವರ ಅರ್ಥವನ್ನೂ, ಹಾಡಲೊಲ್ಲದವರ ಕಾರಣವನ್ನೂ ಒಂದೇ ಆದರದಿಂದ ಬರೆದಿಟ್ಟುಕೊಂಡರೆ ಮುಂದಿನ ವಿಚಾರಕ್ಕೆ ತಕ್ಕ ಆಧಾರವು ದೊರೆತಂತಾಗುವುದು.